ಲುಪೆಯ ಎದುರಿಗೆ ಕೂತು

ನಾನುಮೆಯಾ
೧೨ ಫೆಬ್ರವರಿ ೧೯೯೬

ಕಿತಿಯೋನ,

ಹಡಗು ನಾಳೆ ಬೆಳಗ್ಗೆ ಹೊರಡುತ್ತದೆ, ಅಂಚೆ ಚೀಲವನ್ನು ಇವತ್ತು ಮಧ್ಯಾಹ್ನವೇ ಕಟ್ಟಿಬಿಡುತ್ತಾರಂತೆ. ಹಾಗಾಗಿ ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಿನ್ನ ಮಗಳನ್ನು ಬೈಯಿ. ಮೊಣಕೈ ಹಿಡಿದು ಜಗ್ಗುತ್ತಿದ್ದಾಳೆ.

ಈ ಸಲದ ಹಡಗಿನಲ್ಲಿ ರಾಜಧಾನಿ ಫುನಾಫುಟಿಯಿಂದ ಮಲೇತಾ ಅನ್ನುವ ಹೆಂಗಸು ಬಂದಿದ್ದಾಳೆ. ಐವತ್ತರ ಹತ್ತಿರದವಳು, ಮೊದಲು ಟೀಚರ್ ಆಗಿದ್ದಳು. ಒಂದು ತಿಂಗಳು ಇಲ್ಲೇ ಇದ್ದು, ಐದು ವರ್ಷದೊಳಗಿನ ಮಕ್ಕಳ ತಾಯಂದಿರಿಗೆ ಕಲಿಸುತ್ತಾಳಂತೆ. ದೋಣಿಯಿಂದ ಇಳಿದು ಇನ್ನೂ ತಲೆ ಸುತ್ತುತ್ತಿರುವಾಗಲೇ ನಿನ್ನ ಅಮ್ಮ ಅವಳನ್ನು ಹಿಡಿದರು.

"ಏನಮ್ಮಾ ಕಲಿಸ್ತೀಯ ನೀನು?"

"ಮಕ್ಕಳ ಜೊತೆ ಆಡೋದು, ಮಾತಾಡೋದು."

"ಅಯ್ಯೋ ತಾಯಿ! ಅಷ್ಟಕ್ಕೇ ಎರಡು ದಿನ ವಾಂತಿ ಮಾಡ್ಕೊಂಡು ಬಂದ್ಯಾ? ನಾನು ಆರು ಹೆತ್ತಿದೀನಿ. ಒಂದರ ಜೊತೆನೂ ಆಡ್ಲಿಲ್ಲ. ಎಲ್ಲಾ ಎರಡು ಕಾಲ ಮೇಲೇ ನಡೀತಿವೆ."

ಮಲೇತಾ ನಕ್ಕಳೇ ಹೊರತು ಜಗಳಕ್ಕೆ ಇಳಿಯಲಿಲ್ಲ. ಮಾರನೆಯ ದಿನ ಚರ್ಚಿನ ಹಿಂದಿನ ದೊಡ್ಡ ಮರದ ನೆರಳಿನಲ್ಲಿ ನಾವು ಒಂಬತ್ತು ಜನ ಹೆಂಗಸರು, ಹದಿಮೂರು ಮಕ್ಕಳು ಸೇರಿದೆವು. ತೆಂಗಿನ ಚಿಪ್ಪು, ಕೇದಗೆ ಗರಿಯಲ್ಲಿ ಹೆಣೆದ ಚೆಂಡು, ದಡಕ್ಕೆ ಬಂದುಬಿದ್ದ ಬಲೆಯ ಬೆಂಡು, ಇವೇ ಆಟದ ಸಾಮಾನು. ಅವಳು ಹೇಳಿದ್ದು ಇಷ್ಟು: ಮಗುವಿನ ಎದುರು, ಅದರ ಎತ್ತರಕ್ಕೆ ಇಳಿದು ಕೂರಿ. ಅದು ನೋಡುತ್ತಿರುವುದರ ಬಗ್ಗೆ ಮಾತಾಡಿ. ಆಮೇಲೆ ಬಾಯಿ ಮುಚ್ಚಿ ಕಾಯಿರಿ, ಅದೇನು ಹೇಳುತ್ತದೋ ಕೇಳಿ. ಸುಲಭ ಅನ್ನಿಸುತ್ತದೆ ಅಲ್ಲವೇ? ಬಾಯಿ ಮುಚ್ಚಿ ಕಾಯುವುದು ನಮ್ಮಲ್ಲಿ ಒಬ್ಬಳಿಗೂ ಆಗಲಿಲ್ಲ!

ಅವಳು ಹೋದ ಮೇಲೆ ಗುಂಪನ್ನು ನಡೆಸಿಕೊಂಡು ಹೋಗಲು ಯಾರಾದರೂ ಬೇಕು. ನನ್ನನ್ನೇ ಕೇಳಿದ್ದಾಳೆ. ಒಪ್ಪಿಕೊಂಡೆ. ನಿನ್ನನ್ನು ಕೇಳಿ ಉತ್ತರ ಬರುವಷ್ಟರಲ್ಲಿ ಅವಳು ಹೊರಟುಹೋಗಿರುತ್ತಾಳೆ, ಅದಕ್ಕೆ ಕಾಯಲಿಲ್ಲ.

ಲುಪೆ ಚೆನ್ನಾಗಿದ್ದಾಳೆ. ಎರಡೂವರೆ ವರ್ಷಕ್ಕೆ ಕೈಕಾಲು ಗಟ್ಟಿ. ಮಾತು ಸ್ವಲ್ಪ ಕಡಿಮೆ.

ನಿನ್ನ
ತಾಪಿತಾ


ಸಾಂತೋಸ್ ಬಂದರು, ಬ್ರೆಜಿಲ್
೩ ಏಪ್ರಿಲ್ ೧೯೯೬

ಪ್ರೀತಿಯ ತಾಪಿತಾ,

ನಿನ್ನ ಕಾಗದ ಓದಿ ಇಲ್ಲಿ ಹಡಗಿನ ನಮ್ಮ ತುವಾಲು ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ನಮ್ಮ ಅಮ್ಮನ ಮಾತನ್ನು ನೆಲೆಸೋನೆ ಅವರ ದನಿಯಲ್ಲೇ ಹೇಳಿ ತೋರಿಸಿದ. ಅವನು ನಾನುಮೆಯಾದವನೇ ಅಲ್ಲವೇ, ಅಮ್ಮನ ಬೈಗುಳ ತಿಂದು ಬೆಳೆದವನು.

ಗುಂಪು ನಡೆಸು, ಬೇಡ ಅನ್ನುವುದಿಲ್ಲ. ಆದರೆ ಮಕ್ಕಳನ್ನು ಬೆಳೆಸುವುದಕ್ಕೂ ಪಾಠ ಬೇಕೇ ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆ. ಅಮ್ಮನಿಗೆ ನೋವಾಗದ ಹಾಗೆ ನೋಡಿಕೋ. ಆರು ಮಕ್ಕಳನ್ನು ಬೆಳೆಸಿದವರ ಮುಂದೆ ಒಂದು ಮಗುವಿನ ತಾಯಿ ಬೋಧನೆ ಮಾಡಿದರೆ ಚೆನ್ನಾಗಿರುವುದಿಲ್ಲ.

ನಾನು ಆರಾಮ. ಹೋದ ತಿಂಗಳು ಹಗ್ಗ ಎಳೆಯುವಾಗ ಹೆಬ್ಬೆರಳಿಗೆ ಸಣ್ಣ ಗಾಯವಾಯಿತು, ಈಗ ವಾಸಿ. ಒಂದು ಕ್ಯಾಸೆಟ್ ಕಳಿಸುತ್ತಿದ್ದೇನೆ. ಅದರಲ್ಲಿ ಲುಪೆಗೆಂದು ಮಾತಾಡಿದ್ದೇನೆ, ಹಾಡಿದ್ದೇನೆ, ಹಡಗಿನ ಸಿಳ್ಳೆಯೂ ಇದೆ. ಹಾಡುವಾಗ ಹುಡುಗರು ಹಿಂದಿನಿಂದ ಡಬ್ಬ ಬಡಿದು ತಾಳ ಹಾಕಿದ್ದಾರೆ. ನನ್ನ ದನಿ ಕೇಳಿ ಅವಳು ಏನಂದಳು ಬರೆ. 'ಅಪ್ಪ' ಅನ್ನುತ್ತಾಳೆಯೇ? ನೆಲೆಸೋನೆಯ ಮಗ ಅವಳಿಗಿಂತ ಚಿಕ್ಕವನು, ಆಗಲೇ ಪೂರಾ ಪ್ರಾರ್ಥನೆ ಹೇಳುತ್ತಾನಂತೆ. ಅವನ ಹೆಂಡತಿ ಲೀಸೆ ಪ್ರತಿ ಕಾಗದದಲ್ಲೂ ಬರೆಯುತ್ತಾಳೆ. ಇವನ ಜಂಭ ಸಹಿಸಲಾರೆ. ನನಗೂ ಹೇಳಿಕೊಳ್ಳಲು ಏನಾದರೂ ಕೊಡು ಮಾರಾಯ್ತಿ!

ಕಿತಿಯೋನ


ನಾನುಮೆಯಾ
೨೦ ಮೇ ೧೯೯೬

ಕಿತಿಯೋನ,

ಕ್ಯಾಸೆಟ್ ತಲುಪಿತು. ಪಕ್ಕದ ಮನೆಯವರ ಟೇಪ್ ರೆಕಾರ್ಡರ್ ತಂದು ಹಾಕಿದೆ. ಅಮ್ಮ ಅತ್ತರು. ಲುಪೆ ಎರಡೂ ಅಂಗೈಗಳನ್ನು ಪೆಟ್ಟಿಗೆಯ ಮೇಲೆ ಒತ್ತಿಟ್ಟುಕೊಂಡು ಕೂತಳು. ಡಬ್ಬ ಬಡಿಯುವ ಕಡೆ ಬಂದಾಗಲೆಲ್ಲ ಕಿಲಕಿಲ ನಕ್ಕಳು. ಮುಗಿದ ಮೇಲೂ ಕೈ ತೆಗೆಯಲಿಲ್ಲ.

ನಮ್ಮ ಗುಂಪಿಗೆ ಈಗ ಸಭಾಭವನ ಸಿಕ್ಕಿದೆ ಎಂದರೆ ನಂಬುತ್ತೀಯಾ? ಮಳೆಗಾಲ, ಮರದ ಕೆಳಗೆ ಕೂರುವ ಹಾಗಿರಲಿಲ್ಲ. ಹಿರಿಯರ ಮುಂದೆ ಹೋಗಿ ಕೇಳಿದೆ. ತೌಕೆ ತಾತ, "ಇದು ದ್ವೀಪದ ಮಾತು ತೀರ್ಮಾನ ಆಗೋ ಜಾಗ ಕಣಮ್ಮಾ. ಇಲ್ಲಿ ಮಕ್ಕಳು ಉಚ್ಚೆ ಹೊಯ್ದರೆ?" ಎಂದರು. ಆಗ ಹಿಂದಿನಿಂದ ನಿನ್ನ ಅಮ್ಮ, "ತೌಕೆ, ನೀನು ಇದೇ ಚಾಪೆ ಮೇಲೆ ಹೊಯ್ದದ್ದನ್ನ ನೋಡಿದೋರು ಇಬ್ಬರು ಇನ್ನೂ ಬದುಕಿದಾರೆ. ಕರೀಲಾ?" ಎಂದರು. ಭವನವೆಲ್ಲ ನಕ್ಕಿತು. ವಾರಕ್ಕೆ ಮೂರು ಬೆಳಗ್ಗೆ ನಮಗೆ ಕೊಟ್ಟರು.

ಅಮ್ಮ ನಮ್ಮ ಕಡೆ ಬಂದರೆಂದು ತಿಳಿಯಬೇಡ. ಗುಂಪಿಗೆ ಬರುತ್ತಾರೆ, ಕಂಬಕ್ಕೆ ಒರಗಿ ಚಾಪೆ ಹೆಣೆಯುತ್ತಾ ಎಲ್ಲರನ್ನೂ ಆಡಿಕೊಳ್ಳುತ್ತಾರೆ. ಆದರೆ ಒಂದು ದಿನವೂ ತಪ್ಪಿಸುವುದಿಲ್ಲ.

ಈಗ ಇಪ್ಪತ್ತೊಂದು ಮಕ್ಕಳು. ಮೊನ್ನೆ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡು, "ನನ್ನ ಮಗ ಇಷ್ಟೆಲ್ಲ ಯೋಚನೆ ಮಾಡ್ತಾನೆ ಅಂತ ಗೊತ್ತೇ ಇರಲಿಲ್ಲ ಕಣೇ, ನಾನು ಯಾವತ್ತೂ ಕೇಳಿರಲಿಲ್ಲ," ಎಂದಳು. ಆ ದಿನ ಮನೆಗೆ ನಡೆದು ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಲುಪೆ ಏನು ಮಾತಾಡುತ್ತಾಳೆ ಎಂದು ಕೇಳಿದ್ದೀಯ. ನೀನು ಬಂದಾಗ ನೀನೇ ಕೇಳುವೆಯಂತೆ. ಕಾಗದದಲ್ಲಿ ಬರೆದರೆ ರುಚಿಯಿಲ್ಲ.

ತಾಪಿತಾ


ಆಂಟ್‌ವರ್ಪ್ ಬಂದರು
೯ ಜುಲೈ ೧೯೯೬

ತಾಪಿತಾ,

ನಿನ್ನೆ ನೆಲೆಸೋನೆಗೆ ಲೀಸೆಯ ಕಾಗದ ಬಂತು. ಊಟದ ಮೇಜಿನಲ್ಲಿ ಎಲ್ಲರೆದುರು ಓದುತ್ತಿದ್ದವನು ಒಂದು ಕಡೆ ನಿಲ್ಲಿಸಿ ನನ್ನ ಮುಖ ನೋಡಿದ. ಕಿತ್ತುಕೊಂಡು ಓದಿದೆ. 'ಪಾಪ, ಕಿತಿಯೋನನ ಮಗಳು ಮೂಗಿ. ಕರೆದರೂ ತಿರುಗುವುದಿಲ್ಲ. ತಾಪಿತಾ ದ್ವೀಪದ ಮಕ್ಕಳಿಗೆಲ್ಲ ಮಾತು ಕಲಿಸುತ್ತಾಳೆ, ತನ್ನದಕ್ಕೆ ಒಂದು ಮಾತು ಬರುವುದಿಲ್ಲ.'

ನನ್ನ ಮಗಳ ಸುದ್ದಿ ನನಗೆ ಬೇರೆಯವರ ಕಾಗದದಿಂದ ಗೊತ್ತಾಗಬೇಕೇ? 'ಬಂದಾಗ ನೀನೇ ಕೇಳುವೆಯಂತೆ' ಎಂದು ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಈಗ ಅರ್ಥವಾಯಿತು ಆ ಗುಂಪು ಯಾಕೆ ಎಂದು. ಅವಳನ್ನು ವಾರಕ್ಕೆ ಮೂರು ದಿನ ಊರಿನ ನಡುವೆ ಕೂರಿಸಿ ಎಲ್ಲರಿಗೂ ತೋರಿಸುತ್ತಿದ್ದೀಯ. ನಾಳೆ ಸ್ಕೂಲಿಗೆ ಸೇರಿದರೆ ಆ ಹೆಸರೇ ಅವಳಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದು ಬಿಡುವುದಿಲ್ಲ, ನನಗೆ ಗೊತ್ತು. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡ. ಮನೆಯಲ್ಲಿ ಅಮ್ಮನ ಹತ್ತಿರ ಇರಲಿ. ನಾನು ಬಂದ ಮೇಲೆ ನೋಡೋಣ.

ಕಿತಿಯೋನ


ನಾನುಮೆಯಾ
೨೫ ಆಗಸ್ಟ್ ೧೯೯೬

ಕಿತಿಯೋನ,

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಫೆಬ್ರವರಿಯಲ್ಲೇ ನಿನಗೆ ಬರೆಯಬೇಕಿತ್ತು.

ಮಲೇತಾ ಬಂದ ಎರಡನೆಯ ವಾರ ಮಕ್ಕಳ ಬೆನ್ನ ಹಿಂದೆ ನಿಂತು ಗಿಲಕಿ ಆಡಿಸುತ್ತಾ ಹೋದಳು. ಒಂದೊಂದೇ ಮಗು ಕತ್ತು ತಿರುಗಿಸಿ ನೋಡಿತು. ಲುಪೆ ಚಿಪ್ಪಿಗೆ ಮರಳು ತುಂಬುತ್ತಲೇ ಇದ್ದಳು. ಮಲೇತಾ ಮತ್ತೆ ಆಡಿಸಿದಳು, ಇನ್ನೂ ಹತ್ತಿರ. ಅವಳು ತುಂಬುತ್ತಲೇ ಇದ್ದಳು. ನಾನು ಅಲ್ಲಿಂದ ಎದ್ದು ಹೋಗಿ ನೀರಿನ ತೊಟ್ಟಿಯ ಹಿಂದೆ ನಿಂತುಬಿಟ್ಟೆ. ಮಲೇತಾ ಬಂದು, "ಪೂರ್ತಿ ಕೇಳಲ್ಲ ಅಂತಲ್ಲ ತಾಪಿತಾ. ಕಿವಿ ಸೋರ್ತಾ ಇತ್ತಾ?" ಎಂದು ಕೇಳಿದಳು. ಸೋರುತ್ತಿತ್ತು. ಯಾವ ಮಗುವಿಗೆ ಸೋರುವುದಿಲ್ಲ ಇಲ್ಲಿ? ಒಣಗಿದ ಮೇಲೆ ಮರೆತಿದ್ದೆ. ಒಳಗೆ ನೀರು ಕಟ್ಟಿಕೊಂಡಿರಬಹುದು, ಚಿಕ್ಕವಳಿರುವಾಗಲೇ ನೋಡಿಸಿದರೆ ಸರಿಹೋಗಬಹುದು ಎಂದಳು.

ನಿನಗೆ ಯಾಕೆ ಬರೆಯಲಿಲ್ಲ? ನೀನು ಕ್ಯಾಸೆಟ್ ಕಳಿಸಿದೆ. ಅದಕ್ಕೆ.

ಈಗ ನಿನ್ನ ಅಪ್ಪಣೆಯ ವಿಷಯ. ಲುಪೆ ಗುಂಪಿಗೆ ಬರುತ್ತಾಳೆ. ಅವಳನ್ನು ತೋರಿಸಿಕೊಳ್ಳುವುದಕ್ಕೆ ನಾನು ಆ ಗುಂಪು ಕಟ್ಟಲಿಲ್ಲ. ಆದರೆ ಅಲ್ಲಿ ಇಪ್ಪತ್ತೊಂದು ಮಕ್ಕಳಿಗೂ, ಅವರ ತಾಯಂದಿರಿಗೂ ಈಗ ಗೊತ್ತು: ಲುಪೆಯ ಹತ್ತಿರ ಮಾತಾಡಬೇಕಾದರೆ ಎದುರಿಗೆ ಬಂದು ಕೂರಬೇಕು, ಮುಖ ನೋಡಬೇಕು, ಕೈಯಲ್ಲಿ ತೋರಿಸಬೇಕು. ಮೂರು ವರ್ಷದ ಮಕ್ಕಳು ತಾವಾಗಿಯೇ ಅವಳ ಭುಜ ತಟ್ಟಿ ಎದುರಿಗೆ ಬರುತ್ತವೆ. ಹಾಗೆ ಕೂತಾಗ ಅವಳು 'ಮಾ' ಅನ್ನುತ್ತಾಳೆ, 'ನೀರು' ಅನ್ನುತ್ತಾಳೆ, ಮೀನಿಗೆ ತನ್ನದೇ ಒಂದು ಪದ ಇಟ್ಟಿದ್ದಾಳೆ. ಏಳು ಪದ. ನಾನು ಎಣಿಸಿದ್ದೇನೆ. ಲೀಸೆ ಅದನ್ನು ಬರೆಯಲಿಲ್ಲ.

ಇನ್ನೊಂದು ಮಾತು. ನಿನ್ನ ಕಾಗದವನ್ನು ಅಮ್ಮ ಗಟ್ಟಿಯಾಗಿ ಓದಿಸಿಕೊಂಡರು. 'ಆಮೇಲೆ ಅದು ಬಿಡುವುದಿಲ್ಲ, ನನಗೆ ಗೊತ್ತು' ಎಂಬಲ್ಲಿ ನಿಲ್ಲಿಸು ಅಂದರು. ಹೆಣೆಯುತ್ತಿದ್ದ ಚಾಪೆಯನ್ನು ಬದಿಗೆ ತಳ್ಳಿದರು.

"ಅವನೂ ಹೀಗೇ ಇದ್ದ ಕಣೇ. ದಡದಿಂದ ಕೂಗ್ತಿದ್ದೆ, ಬರ್ತಿರಲಿಲ್ಲ. ಮೊಂಡ ಅಂತ ಕೋಲು ತಗೊಂಡು ಹೋಗ್ತಿದ್ದೆ. ಸ್ಕೂಲಲ್ಲೂ ಹೊಡೀತಿದ್ರು. ಹೊಡೀಲಿ, ಬುದ್ಧಿ ಬರಲಿ ಅಂತಿದ್ದೆ ನಾನು. ಅವನ ಎಡಗಿವೀನೂ ಸೋರ್ತಿತ್ತು."

ಅಷ್ಟು ಹೇಳಿ ಆ ದಿನವೆಲ್ಲ ಅವರು ಯಾರನ್ನೂ ಬೈಯಲಿಲ್ಲ. ನನಗೆ ಹೆದರಿಕೆಯಾಯಿತು.

ಕಿತಿಯೋನ, ಮದುವೆಯಾಗಿ ಐದು ವರ್ಷವಾಯಿತು. ನೀನು ಯಾವಾಗಲೂ ನನ್ನ ಎಡಕ್ಕೇ ನಡೆಯುತ್ತೀಯ, ನಾನು ನಿನ್ನ ಬಲಗಡೆ ಇರುವ ಹಾಗೆ. ಪ್ರೀತಿಯ ಅಭ್ಯಾಸ ಎಂದುಕೊಂಡಿದ್ದೆ. ನಿನಗೆ ಎಡಗಿವಿ ಕೇಳುತ್ತದೆಯೇ? ಆ ಹೆಬ್ಬೆರಳಿನ ಗಾಯ ಹೇಗೆ ಆಯಿತು?

ಅಕ್ಟೋಬರ್ ಕೊನೆಗೆ ಫುನಾಫುಟಿಗೆ ಹೊರಗಿನಿಂದ ಕಿವಿ ಡಾಕ್ಟರುಗಳು ಬರುತ್ತಾರೆಂದು ಮಲೇತಾ ರೇಡಿಯೋ ಸಂದೇಶ ಕಳಿಸಿದ್ದಾಳೆ. ಲುಪೆಯನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಅಮ್ಮನೂ ಬರುತ್ತಾರಂತೆ. ಹುಟ್ಟಿದಾಗಿನಿಂದ ಪಕ್ಕದ ಲಕೇನಾ ನಡುಗಡ್ಡೆ ದಾಟಿ ಹೋಗದವರು! ನಾವಿಲ್ಲದಾಗ ನಮ್ಮ ಪುಲಾಕ ಗದ್ದೆಯ ಗೆಡ್ಡೆಗಳಿಗೆ ಗೊಬ್ಬರ ಹಾಕುವುದು, ಹಂದಿಗಳನ್ನು ನೋಡಿಕೊಳ್ಳುವುದು, ಎಲ್ಲವನ್ನೂ ಗುಂಪಿನ ಹೆಂಗಸರು ಹಂಚಿಕೊಂಡಿದ್ದಾರೆ. ಹಂದಿಗಳ ಪಾಲು ಯಾರು ತಗೊಂಡರು ಗೊತ್ತೇ? ಲೀಸೆ. ತಾನಾಗಿಯೇ ಬಂದು ಕೇಳಿ ತಗೊಂಡಳು.

ತಾಪಿತಾ


ಸಿಂಗಪುರ
೨ ನವೆಂಬರ್ ೧೯೯೬

ತಾಪಿತಾ,

ನಿನ್ನ ಕಾಗದ ಎರಡು ಬಂದರು ತಪ್ಪಿಸಿಕೊಂಡು ಇಲ್ಲಿ ಸಿಕ್ಕಿತು. ನಾಲ್ಕು ದಿನದಿಂದ ಉತ್ತರ ಬರೆದು ಹರಿಯುತ್ತಿದ್ದೇನೆ. ಈಗ ಹರಿಯುವುದಿಲ್ಲ.

ಎಡಗಿವಿ ಕೇಳುವುದಿಲ್ಲ. ನನಗೆ ನೆನಪಿರುವ ಕಾಲದಿಂದಲೂ ಕೇಳಿಲ್ಲ. ಸ್ಕೂಲಿನಲ್ಲಿ ನನ್ನನ್ನು ಎಡಗಡೆಯ ಬೆಂಚಿನಲ್ಲಿ ಕೂರಿಸಿದ ವರ್ಷ ಪಾಸು, ಬಲಗಡೆ ಕೂರಿಸಿದ ವರ್ಷ ಫೇಲು. ಅದು ಯಾಕೆಂದು ನನಗೂ ತಿಳಿದಿರಲಿಲ್ಲ. ನಾನು ದಡ್ಡ ಎಂದೇ ನಂಬಿದ್ದೆ. ನನಗೆ 'ಕಲ್ಲು' ಎಂದು ಹೆಸರಿಟ್ಟಿದ್ದರು. ಹದಿನೈದು ವರ್ಷವಾದ ಮೇಲೆ ಒಂದು ದಿನ ಬಲಗಿವಿಗೆ ನೀರು ಹೋಗಿ ಮುಚ್ಚಿಕೊಂಡಾಗ ಜಗತ್ತೇ ನಿಂತುಹೋಯಿತು. ಆಗ ಗೊತ್ತಾಯಿತು, ನಾನು ಒಂದೇ ಕಿವಿಯಲ್ಲಿ ಬದುಕುತ್ತಿದ್ದೇನೆ ಎಂದು.

ಹಡಗಿನ ಕೆಲಸಕ್ಕೆ ಸೇರುವಾಗ ಕಿವಿ ಪರೀಕ್ಷೆ ಇತ್ತು. ಪರೀಕ್ಷೆ ಮಾಡುವವನು ನನ್ನ ಹಿಂದೆ ನಿಂತು ಸಣ್ಣ ಗಂಟೆ ಬಾರಿಸುತ್ತಿದ್ದ. ಅವನ ಕೈ ನೆರಳು ಎದುರಿನ ಗೋಡೆಯ ಮೇಲೆ ಬೀಳುತ್ತಿತ್ತು. ನೆರಳು ಅಲ್ಲಾಡಿದಾಗಲೆಲ್ಲ ನಾನು ಕೈ ಎತ್ತಿದೆ.

ಹೆಬ್ಬೆರಳಿನ ತುದಿ ಹೋಗಿದೆ. ಹಗ್ಗ ಬಿಡುತ್ತಿದ್ದೇವೆ ಎಂದು ಎಡಗಡೆಯಿಂದ ಕೂಗಿದರಂತೆ. ಬೆರಳು ಹೋದದ್ದಕ್ಕಿಂತ, ಯಾಕೆ ಕೇಳಲಿಲ್ಲ ಎಂದು ಬೋಸನ್ ಕೇಳಿಬಿಟ್ಟರೆ ಅನ್ನುವುದೇ ನನಗೆ ದೊಡ್ಡ ಹೆದರಿಕೆಯಾಗಿತ್ತು. ಅವನು ನಮ್ಮ ಡೆಕ್ಕಿನ ಮೇಸ್ತ್ರಿ. ಗಾಳಿಯ ಸದ್ದು ಎಂದೆ. ನಂಬಿದ.

ನಿನ್ನ ಮೇಲೆ ಬಂದ ಸಿಟ್ಟು ನಿನ್ನ ಮೇಲಿನದಾಗಿರಲಿಲ್ಲ. ಲೀಸೆಯ ಕಾಗದ ಓದುವಾಗ ನಾನು ಆ ಬಲಗಡೆಯ ಬೆಂಚಿನಲ್ಲಿ ಕೂತಿದ್ದೆ. ಲುಪೆಯನ್ನು ಅಡಗಿಸಿಟ್ಟರೆ ಅವಳಿಗೆ ಅದು ತಪ್ಪುತ್ತದೆ ಎಂದುಕೊಂಡೆ. ನಾನು ಅಡಗಿಸಿಟ್ಟು ಬದುಕಿದವನು, ನನಗೆ ಬೇರೆ ದಾರಿ ತೋರಲಿಲ್ಲ.

ಅಮ್ಮನಿಗೆ ಹೇಳು, ಯಾವ ಹೊಡೆತವೂ ನನಗೆ ನೆನಪಿಲ್ಲ ಎಂದು. ಸುಳ್ಳು. ಆದರೂ ಹೇಳು.

ಆಸ್ಪತ್ರೆಯಲ್ಲಿ ಏನಾಯಿತು? ಈ ಕಾಗದ ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ ಎಂದು ಗೊತ್ತು. ಆದರೂ ಕೇಳುತ್ತಿದ್ದೇನೆ.

ಕಿತಿಯೋನ


ಫುನಾಫುಟಿ
೩೦ ನವೆಂಬರ್ ೧೯೯೬

ಕಿತಿಯೋನ,

ನಾವಿನ್ನೂ ಇಲ್ಲೇ ಇದ್ದೇವೆ, ಹಡಗು ಬರಬೇಕು. ನಿನ್ನ ಸಿಂಗಪುರದ ಕಾಗದ ವಿಮಾನದಲ್ಲಿ ಬಂದು ಇಲ್ಲೇ ನನ್ನ ಕೈಗೆ ಸಿಕ್ಕಿತು. ಅದರ ಬಗ್ಗೆ ಬರೆಯಲು ನನಗೆ ಸ್ವಲ್ಪ ದಿನ ಬೇಕು. ಅಮ್ಮನಿಗೆ ಹೇಳಿದೆ. "ಅವನಿಗೆ ಚಿಕ್ಕೋನಿದ್ದಾಗಿಂದ ಸುಳ್ಳು ಹೇಳಕ್ಕೆ ಬರಲ್ಲ," ಅಂದರು ಅಷ್ಟೇ.

ಲುಪೆಯ ಸುದ್ದಿ. ಎರಡೂ ಕಿವಿಯ ತಮಟೆಯ ಹಿಂದೆ ಅಂಟಿನ ಹಾಗೆ ನೀರು ಕಟ್ಟಿಕೊಂಡಿತ್ತು. ತೆಗೆದು, ಅಕ್ಕಿಕಾಳಿಗಿಂತ ಸಣ್ಣ ಕೊಳವೆ ಇಟ್ಟಿದ್ದಾರೆ. ಬಲಗಿವಿ ಪೂರ್ತಿ ಸರಿ. ಎಡಗಿವಿ ಮುಕ್ಕಾಲು ಬರಬಹುದು ಎಂದರು. ಇನ್ನೂ ಎರಡು ಮೂರು ವರ್ಷ ಬಿಟ್ಟಿದ್ದರೆ ಆಗುತ್ತಿರಲಿಲ್ಲವಂತೆ. ಇಷ್ಟು ಚಿಕ್ಕವಳಲ್ಲಿ ಹೇಗೆ ಗೊತ್ತಾಯಿತು ಎಂದು ಡಾಕ್ಟರ್ ಕೇಳಿದರು. ನಾನು ಗುಂಪಿನ ಕತೆ ಹೇಳಿದೆ. ಅವರು ಪೆನ್ನು ತೆಗೆದು ಬರೆದುಕೊಂಡರು. ಡಾಕ್ಟರ್, ನಾನು ಹೇಳಿದ್ದನ್ನು!

ಭಾನುವಾರ ಚರ್ಚಿಗೆ ಹೋದೆವು. ನಿನಗೆ ಗೊತ್ತಲ್ಲ, ಅಮ್ಮ ಎಲ್ಲೇ ಹೋಗಲಿ, ಹಾಡು ಎತ್ತುವುದು ತನ್ನ ಹಕ್ಕು ಎಂದುಕೊಳ್ಳುವವರು. ಫುನಾಫುಟಿಯವರ ಚರ್ಚು ಎಂದು ಕೂಡ ನೋಡದೆ ಎದೆಯಾಳದಿಂದ ಎತ್ತಿದರು. ಲುಪೆ ಬೆಚ್ಚಿಬಿದ್ದು ಎರಡೂ ಕಿವಿ ಮುಚ್ಚಿಕೊಂಡು ಚೀರಿದಳು. ಇಡೀ ಚರ್ಚು ತಿರುಗಿ ನೋಡಿತು. ಅಮ್ಮ ಹಾಡು ನಿಲ್ಲಿಸಿ, "ಕೇಳಿಸ್ತು! ನನ್ನ ಗಂಟಲು ಅವಳಿಗೆ ಕೇಳಿಸ್ತು!" ಎಂದು ಕೂಗಿಬಿಟ್ಟರು. ಪಾದ್ರಿಗಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಆಮೇಲೆ ಅವರೂ ನಕ್ಕರು. ಅಮ್ಮ ಅತ್ತಿದ್ದನ್ನು ನಾನು ನೋಡಲಿಲ್ಲ ಎಂದು ಅವರಿಗೆ ಹೇಳಿದ್ದೇನೆ, ನೀನೂ ಗೊತ್ತಿಲ್ಲದ ಹಾಗಿರು.

ತಾಪಿತಾ


ಹ್ಯಾಂಬರ್ಗ್
೧೮ ಮಾರ್ಚ್ ೧೯೯೭

ತಾಪಿತಾ,

ಇವತ್ತು ಕ್ಯಾಪ್ಟನ್ ಹತ್ತಿರ ಹೋಗಿ ಕಿವಿಯ ವಿಷಯ ಹೇಳಿದೆ. ಹೋಗಬೇಕೆಂದು ಜನವರಿಯಿಂದ ಅಂದುಕೊಳ್ಳುತ್ತಿದ್ದೆ. ಹೋದ ವಾರ ಕೂಗು ಕೇಳದೆ ಕ್ರೇನಿನ ಕೆಳಗೆ ನಿಂತಿದ್ದಾಗ ನೆಲೆಸೋನೆ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆಯದಿದ್ದರೆ ಈ ಕಾಗದ ಬರೆಯುವವನು ಅವನೇ ಆಗಿರುತ್ತಿದ್ದ. ಅವನೂ ನನ್ನ ಜೊತೆ ಬಿದ್ದ. ಅವನ ಮೊಣಕಾಲಿನ ರಕ್ತ ನೋಡಿದ ಮೇಲೆ ನನ್ನ ಗುಟ್ಟು ನನ್ನೊಬ್ಬನದಲ್ಲ ಅನ್ನಿಸಿತು.

ಕ್ಯಾಪ್ಟನ್ ಬೈಯುತ್ತಾರೆಂದುಕೊಂಡಿದ್ದೆ. ಎದ್ದು ಬಂದು ನನ್ನ ಬಲಗಡೆಯ ಕುರ್ಚಿಯಲ್ಲಿ ಕೂತು ಮಾತಾಡಿದರು. ಡಾಕ್ಟರ್ ಸರಿಯಾಗಿ ಪರೀಕ್ಷೆ ಮಾಡಿದರು. ಡೆಕ್ಕಿನ ಕೆಲಸ ಮುಗಿಯಿತು. ಮೇ ತಿಂಗಳಲ್ಲಿ ಮನೆಗೆ ಬರುತ್ತೇನೆ, ಇನ್ನು ಹಡಗು ಹತ್ತುವುದಿಲ್ಲ.

ಒಂಬತ್ತು ವರ್ಷ ಸಮುದ್ರದಲ್ಲಿದ್ದೆ. ದ್ವೀಪದಲ್ಲಿ ನನ್ನನ್ನು ಗೌರವಿಸುವುದು ಅದಕ್ಕೇ. ಬರಿಗೈಯಲ್ಲಿ ಬಂದು ಏನು ಮಾಡುವುದೆಂದು ಗೊತ್ತಿಲ್ಲ. ಆದರೆ ಹೊರಗೆ ಬರುವಾಗ ಏಣಿಯ ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. ಕ್ಯಾಪ್ಟನ್ ನಿಂತು ಕೈಕುಲುಕಿದರು, ತಾಪಿತಾ. ಎಡಗೈ ಹೆಬ್ಬೆರಳು ನೋಡಿ ಇನ್ನೊಂದು ಸಲ ಕುಲುಕಿದರು.

ಕಿತಿಯೋನ


ನುಯಿ ದ್ವೀಪ
೬ ಸೆಪ್ಟೆಂಬರ್ ೧೯೯೭

ಕಿತಿಯೋನ,

ನಾನು ಕಾಗದ ಬರೆಯುವುದು, ನೀನು ಮನೆಯಲ್ಲಿ ಕೂತು ಓದುವುದು, ಎಂಥ ವಿಚಿತ್ರ! ಇಲ್ಲಿಯೂ ಗುಂಪು ಶುರು ಮಾಡಲು ಆರು ವಾರ ಎಂದು ಮಲೇತಾ ಹೇಳಿದಾಗ ದೊಡ್ಡದೆನಿಸಿರಲಿಲ್ಲ. ಎರಡನೆಯ ದಿನವೇ ಲುಪೆಯ ಬಟ್ಟೆಯ ವಾಸನೆ ನೆನಪಾಯಿತು.

ಇಲ್ಲಿ ಮೊದಲ ದಿನ ನಾಲ್ಕೇ ಹೆಂಗಸರು ಬಂದರು. ಅವರ ಹಿಂದೆ ಒಬ್ಬ ಅಜ್ಜಿ, ಥೇಟ್ ನಿನ್ನ ಅಮ್ಮ. "ಮಕ್ಕಳ ಜೊತೆ ಆಡೋದು ಕಲಿಸಕ್ಕೆ ನಾನುಮೆಯಾದಿಂದ ಬರಬೇಕಾ?" ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಹೋಗಿ ಅವಳ ಪಕ್ಕದಲ್ಲೇ ಕೂತೆ. ಈಗ ಹದಿನಾರು ಹೆಂಗಸರು, ಅಜ್ಜಿ ಮೊದಲನೆಯವಳು.

ಅಲ್ಲಿ ಹೇಗೆ ನಡೆಯುತ್ತಿದೆ? ಗುಂಪನ್ನು ನಿನ್ನ ಮೇಲೂ ಅಮ್ಮನ ಮೇಲೂ ಬಿಟ್ಟು ಬಂದಿದ್ದೇನೆ, ನಿದ್ದೆ ಬರುತ್ತಿಲ್ಲ. ಚಿಪ್ಪುಗಳನ್ನು ತೊಳೆದಿಡು. ಲುಪೆಯ ಕಿವಿಗೆ ನೀರು ಹೋಗದ ಹಾಗೆ ಎಣ್ಣೆ ಹತ್ತಿ ಇಡು. ಅವಳನ್ನು ಲಗೂನಿನಲ್ಲಿ ಮುಳುಗಿಸಬೇಡ. ನಿನಗೆ ಕಷ್ಟವಾದರೆ ಗುಂಪನ್ನು ನಿಲ್ಲಿಸು, ನಾನು ಬಂದು ಮತ್ತೆ ಶುರು ಮಾಡುತ್ತೇನೆ. ಊರಿನ ಗಂಡಸರು ನಿನ್ನನ್ನು ಆಡಿಕೊಳ್ಳುತ್ತಿರಬಹುದು, ನೀನು ಬರೆಯುವುದಿಲ್ಲ ಅಷ್ಟೇ. ನನಗೆ ಗೊತ್ತು.

ತಾಪಿತಾ


ನಾನುಮೆಯಾ
೩ ಅಕ್ಟೋಬರ್ ೧೯೯೭

ತಾಪಿತಾ,

ಆಡಿಕೊಂಡರು. ಬರೆಯುತ್ತೇನೆ, ಎಲ್ಲವನ್ನೂ ಬರೆಯುತ್ತೇನೆ.

ನೀನು ಹೊರಟ ವಾರ ದೋಣಿ ಕಟ್ಟುವ ಜಾಗದಲ್ಲಿ ಗಂಡಸರು ನಿಂತು, "ಏನಪ್ಪಾ ಕಿತಿಯೋನ, ಇವತ್ತು ಹಾಲು ಕುಡಿಸೋದು ಯಾವಾಗ?" ಎಂದರು. "ನೀನು ತೊಟ್ಟಿಲು ಬಿಟ್ಟು ಬಂದ್ರೆ ನಿನಗೂ ಕುಡಿಸ್ತೀನಿ," ಎಂದೆ. ಹೇಳಿ ಬಂದೆನೇ ಹೊರತು ಬೇಸರವಾಯಿತು. ಭವನದಲ್ಲಿ ಇಪ್ಪತ್ತನಾಲ್ಕು ಮಕ್ಕಳು, ಅಷ್ಟು ಹೆಂಗಸರು, ಗಂಡಸು ನಾನೊಬ್ಬನೇ. ಅಮ್ಮ ಈಗ ಕಂಬ ಬಿಟ್ಟು ನಡುವೆ ಬಂದು ಕೂರುತ್ತಾರೆ. ಹೊಸ ತಾಯಂದಿರಿಗೆ ಅವರೇ ಹೇಳುತ್ತಾರೆ: "ಕರೆದರೆ ತಿರುಗದ ಮಗೂನ ಹೊಡೀಬೇಡ. ಮೊದಲು ಕಿವಿ ನೋಡು. ನಾನು ನೋಡಲಿಲ್ಲ." ಎಲ್ಲರೆದುರು ಹೇಳುತ್ತಾರೆ, ತಾಪಿತಾ, ನನ್ನೆದುರೂ. ಮೊದಲ ಸಲ ಕೇಳಿದಾಗ ನಾನು ಚಿಪ್ಪು ತೊಳೆಯುವ ನೆಪದಲ್ಲಿ ಹೊರಗೆ ಹೋದೆ. ಎರಡನೆಯ ಸಲ ಹೋಗಿ ಅವರ ಪಕ್ಕದಲ್ಲಿ ಕೂತೆ.

ಹೋದ ಶುಕ್ರವಾರ ಹಿರಿಯರ ಸಭೆ ಇತ್ತು. ಗುಂಪಿನ ವರದಿ ಕೊಡಬೇಕೆಂದು ಕರೆದರು. ಆ ಭವನದಲ್ಲಿ ನಾನು ಹುಟ್ಟಿದಾಗಿನಿಂದ ಬಾಯಿ ತೆರೆದವನಲ್ಲ. ಯಾರು ಏನು ಕೇಳಿದರು ಅನ್ನುವುದೇ ಅರ್ಧ ತಿಳಿಯದಿದ್ದರೆ ಎದ್ದು ಉತ್ತರ ಕೊಡುವುದು ಹೇಗೆ? ಈ ಸಲ ಎದ್ದು ನಿಂತೆ. ಮಕ್ಕಳ ಸಂಖ್ಯೆ ಹೇಳಿದೆ. ಈ ವರ್ಷ ಇನ್ನೂ ಮೂರು ಮಕ್ಕಳ ಕಿವಿ ತೊಂದರೆ ಗುಂಪಿನಲ್ಲೇ ಗೊತ್ತಾಗಿ, ನರ್ಸ್ ನೋಡಿ ಔಷಧಿ ಕೊಟ್ಟಿದ್ದಾಳೆ ಎಂದು ಹೇಳಿದೆ. ಅಲ್ಲಿಗೆ ಕೂರಬಹುದಿತ್ತು. ಕೂರಲಿಲ್ಲ.

"ನನಗೆ ಎಡಗಿವಿ ಕೇಳಿಸಲ್ಲ," ಎಂದೆ. "ಚಿಕ್ಕಂದಿನಿಂದ. ನೀವೆಲ್ಲ ನನ್ನ 'ಕಲ್ಲು' ಅಂತಿದ್ರಿ. ನಾನು ಕಲ್ಲಲ್ಲ. ಕೇಳಿಸ್ತಿರಲಿಲ್ಲ, ಅಷ್ಟೇ. ನನಗೆ ಯಾರೂ ಎದುರಿಗೆ ಕೂತು ಮಾತಾಡಲಿಲ್ಲ. ನನ್ನ ಮಗಳಿಗೆ ನನ್ನ ಹೆಂಡತಿ ಕೂತಳು, ನಿಮ್ಮ ಹೆಂಡತಿಯರು ಕೂತರು. ಅದಕ್ಕೆ ಅವಳು ಮಾತಾಡ್ತಾಳೆ. ಅಪ್ಪಂದಿರು ಮಾತ್ರ ಇನ್ನೂ ಕೂತಿಲ್ಲ."

ಭವನದಲ್ಲಿ ಸದ್ದಿಲ್ಲ. ಆ ಮೌನ ನನ್ನ ಕಿವಿಯದೋ ಅವರದೋ ಎಂದು ತಿಳಿಯದೆ ಸುತ್ತ ನೋಡಿದೆ. ಆಗ ತೌಕೆ ತಾತ ಕೋಲೂರಿ ಎದ್ದು ನನ್ನ ಹತ್ತಿರ ಬಂದು, "ಇನ್ನೊಂದು ಸಲ ಹೇಳಪ್ಪಾ. ಈ ಕಡೆಯಿಂದ ಹೇಳು. ನನಗೂ ಆ ಕಡೆ ಕೇಳಿಸಲ್ಲ, ಎಪ್ಪತ್ತು ವರ್ಷದಿಂದ ಯಾರಿಗೂ ಹೇಳಿಲ್ಲ," ಎಂದರು. ನಾನು ಅವರು ತೋರಿಸಿದ ಕಡೆಗೆ ಹೋಗಿ ನಿಂತು ಮೊದಲಿನಿಂದ ಮತ್ತೆ ಹೇಳಿದೆ.

ಲುಪೆಯ ಕಿವಿಗೆ ಹತ್ತಿ ಇಡುತ್ತೇನೆ, ಲಗೂನಿನಲ್ಲಿ ಮುಳುಗಿಸಿಲ್ಲ, ಚಿಪ್ಪು ತೊಳೆದಿದೆ. ಬೆಳಗ್ಗೆ ನಾನು ಕಲೇವೆ ನೀರಾ ಇಳಿಸಲು ತೆಂಗಿನ ಮರ ಹತ್ತಿದರೆ ಅವಳು ಬುಡದಲ್ಲಿ ನಿಂತು ಇಳಿಯುವವರೆಗೂ ಮಾತಾಡುತ್ತಾಳೆ. ಯಾಕೆ ಹತ್ತಿದೆ, ಏನು ಕಾಣುತ್ತದೆ, ಅಮ್ಮ ಕಾಣುತ್ತಾಳಾ, ಕಾಣದಿದ್ದರೆ ಇನ್ನೂ ಮೇಲೆ ಹತ್ತು. ನಾಲ್ಕು ವರ್ಷದ ಮಗಳ ಮಾತಿನಿಂದ ತಪ್ಪಿಸಿಕೊಳ್ಳಲು ಒಮ್ಮೊಮ್ಮೆ ಎಡಗಿವಿ ಕೊಡುತ್ತೇನೆ ಎಂದು ನಿನಗೆ ಹೇಳಿದರೆ ನೀನು ಬೈಯುತ್ತೀಯ. ಅವಳಿಗೂ ಗೊತ್ತಾಗಿದೆ. ಸುತ್ತಿಕೊಂಡು ಬಂದು ಎದುರಿಗೇ ಕೂರುತ್ತಾಳೆ.

ಗುಂಪನ್ನು ನಿಲ್ಲಿಸು ಎಂದಿದ್ದೆಯಲ್ಲ. ನಿಲ್ಲಿಸುವ ಹಾಗಿಲ್ಲ. ಸೋಮವಾರ ಬೆಳಗ್ಗೆ ಭವನದ ಬಾಗಿಲು ತೆಗೆಯಲು ಹೋದಾಗ ಹನ್ನೊಂದು ಜನ ಗಂಡಸರು ಮೆಟ್ಟಿಲ ಹತ್ತಿರ ನಿಂತಿದ್ದರು. ದೋಣಿ ಹತ್ತಿರ ನನ್ನನ್ನು ಆಡಿಕೊಂಡವರೂ ಇದ್ದರು, ತಲೆ ಬಾಚಿಕೊಂಡು ಬಂದಿದ್ದರು. ಒಳಗೆ ಕರೆದು ಕೂರಿಸಿದೆ. ಒಬ್ಬೊಬ್ಬರೂ ತಮ್ಮ ತಮ್ಮ ಮಗುವಿನ ಎದುರು ಚಾಪೆಯ ಮೇಲೆ ಕಾಲು ಮಡಚಿ ಕೂತರು. ಆಮೇಲೆ ಏನು ಮಾತಾಡಬೇಕೆಂದು ಒಬ್ಬನಿಗೂ ಗೊತ್ತಿರಲಿಲ್ಲ. ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ.

ಲುಪೆಯೇ ಶುರು ಮಾಡಿದಳು.

ಕಿತಿಯೋನ